ಹೆಂಚಿನ ಹಿಂಬದಿಯ ಗೀರು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಮೂರು ಪತ್ರಗಳಿಗೆ ಇದೊಂದೇ ಉತ್ತರ, ಬೈದುಕೋ. ಕೆಲಸವಿತ್ತು ಎಂದರೆ ಅರ್ಧ ಸುಳ್ಳು. ಮಿಕ್ಕ ಅರ್ಧವನ್ನು ಕೊನೆಯಲ್ಲಿ ಹೇಳುತ್ತೇನೆ. ಅಮ್ಮ ಕೋಲಿಲ್ಲದೆ ಮಾರುಕಟ್ಟೆಗೆ ಹೋಗಿಬಂದಳು ಎಂದು ಓದಿ ಕೋಣೆಯಲ್ಲಿ ಒಬ್ಬಳೇ ನಕ್ಕೆ. ನೀನು ಹೊಲಿದುಕೊಟ್ಟ ಅಂಗಿಗೆ ಆರು ಜೇಬು ಇವೆಯೆಂದು ಅಗೆಯುವ ಜಾಗದಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು.

ನಮ್ಮ ಪುರಾತತ್ವದ ಕೋರ್ಸಿನಲ್ಲಿ ಮಣ್ಣು ಅಗೆಯುವುದು ಅರ್ಧ, ಜನರನ್ನು ಮಾತನಾಡಿಸುವುದು ಇನ್ನರ್ಧ. ನನ್ನ ಪ್ರಬಂಧ ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಬಗ್ಗೆ. ಹೆಂಚು ಸುಡುವ ಗೂಡಿನ ಪಕ್ಕದ ತಿಪ್ಪೆಯಲ್ಲಿ ಸಿಕ್ಕ ಇನ್ನೂರ ಹತ್ತು ಹೆಂಚುಗಳಲ್ಲಿ ಹದಿನೇಳರ ಹಿಂಬದಿಯಲ್ಲಿ ಮೂರು ಸಣ್ಣ ಗೀರುಗಳಿದ್ದವು. ಅಲ್ಲಿ ದುಡಿದವರಲ್ಲಿ ಈಗ ಸಿಗುವವರು ಒಬ್ಬರೇ, ಎಂಬತ್ತು ದಾಟಿದ ಅಜ್ಜಿ. ಬೀದಿಯವರು ಅವರನ್ನು ಹೆಂಚಜ್ಜಿ ಎನ್ನುತ್ತಾರೆ.

ನಾನು ಹೋಗಿ ಹೆಂಚು ತೋರಿಸಿ, "ಇದು ಯಾವ ದಿನ ಗೂಡಿಗೆ ಹಾಕಿದ್ದು ಅಂತ ತಿಳಿಯೋಕೆ ಮಾಡಿದ ಗುರುತು ಅಲ್ವಾ ಅಜ್ಜಿ?" ಎಂದೆ.

"ಹ್ಞೂಂ, ಇರಬೇಕು," ಎಂದರು. ಬರೆದುಕೊಂಡು ಬಂದುಬಿಟ್ಟೆ.

ರೆಕಾರ್ಡಿಂಗ್ ಕೇಳಿದ ನನ್ನ ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉತ್ತರಾನ ನೀನೇ ಅವರ ಬಾಯಿಗೆ ತುರುಕಿದ್ದೀಯ. ಅವರು ನುಂಗಿದ್ದಾರೆ, ಅಷ್ಟೆ. ಇದನ್ನ ಇಟ್ಕೊಂಡು ಪಾಸು ಮಾಡೋಕಾಗಲ್ಲ. ಮತ್ತೆ ಹೋಗು. 'ಇದೇನು' ಅಂತ ಮಾತ್ರ ಕೇಳು. ಅವರು ಹೇಳಿ ಮುಗಿಸಿದ್ಮೇಲೂ ಮನಸ್ಸಲ್ಲೇ ಹತ್ತರವರೆಗೆ ಎಣಿಸು. ಆಮೇಲೆ ಬಾಯಿ ಬಿಡು."

ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಹನ್ನೆರಡು ದಿನ. ಇಲ್ಲದಿದ್ದರೆ ಒಂದು ವರ್ಷ ಹೋಯಿತು. ಮರುದಿನವೇ ಹೋದೆ. ಅಜ್ಜಿ ಬಾಗಿಲಲ್ಲೇ, "ಏನಮ್ಮ, ಮೊನ್ನೆ ಹೇಳಿದ್ದು ಮರೆತೇ ಹೋಯ್ತಾ? ಈ ವಯಸ್ಸಿಗೇ?" ಎಂದರು. ಒಳಗೆ ಕೂತು ಹೆಂಚನ್ನು ಅವರ ಮಡಿಲಲ್ಲಿಟ್ಟು, "ಇದೇನಜ್ಜಿ?" ಎಂದೆ.

"ಗೊತ್ತಿಲ್ಲ ಕಣಮ್ಮ."

ಎಣಿಸತೊಡಗಿದೆ. ನಿನಗೆ ಗೊತ್ತಲ್ಲ, ನನಗೆ ಸುಮ್ಮನೆ ಕೂರುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ಆರು. ಏಳು. ಅಜ್ಜಿಯ ಹೆಬ್ಬೆರಳಿನ ಉಗುರು ಗೀರಿನ ಮೇಲೆ ಹೋಗಿ ನಿಂತಿತು.

"ಇದು ನಂದು," ಎಂದರು.

ಹೆಂಗಸರು ಮಣ್ಣು ತುಳಿಯಬೇಕು, ಅಚ್ಚು ಮುಟ್ಟಬಾರದು ಎಂಬುದು ಅಲ್ಲಿನ ಕಟ್ಟಳೆಯಂತೆ. ಗಂಡನ ಮಣಿಕಟ್ಟು ಮುರಿದಾಗ ಎರಡು ವರ್ಷ ಅವರ ಬದಲು ಇವರೇ ಕದ್ದು ಅಚ್ಚು ಒತ್ತಿದ್ದಾರೆ. ಹೆಸರೆಲ್ಲ ಗಂಡನದು. "ಹಸಿ ಇರೋವಾಗ ಉಗುರಲ್ಲಿ ಗೀರ್ತಿದ್ದೆ. ಹಿಂದುಗಡೆ. ಸೂರಿಗೇರಿದ್ಮೇಲೆ ಯಾರು ನೋಡ್ತಾರೆ? ನಂಗೆ ಗೊತ್ತಿದ್ರೆ ಸಾಕು ಅಂತ."

"ಮೊನ್ನೆ ಯಾಕೆ ಹೇಳಲಿಲ್ಲ ಅಜ್ಜಿ?"

"ನೀವು ಓದಿದೋರು. ನೀವೇ ಇಂಥದ್ದು ಅಂದ್ಮೇಲೆ ಅಲ್ಲ ಅನ್ನೋಕಾಗುತ್ತಾ?"

ಹೆಸರು ಹಾಕಿ ಬರೆಯಲೇ ಎಂದು ಕೇಳಿದೆ. "ಬರ್ಕೋ. ಬೈಯೋರೆಲ್ಲ ಹೋದ್ರು," ಎಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟೊತ್ತಿದರು. ಆಮೇಲೆ ಅವರ ಸರದಿ. "ಮನೇಲಿ ಯಾರ್ಯಾರಿದ್ದೀರಿ?" ಹೇಳಿದೆ. "ಅಕ್ಕನೂ ಓದಿದ್ದಾಳಾ?" ಡಿಗ್ರಿ ಮುಗಿಸಿದ್ದಾಳೆ, ಮುಂದೆ ಓದಲು ಅವಳಿಗೆ ಇಷ್ಟವಿರಲಿಲ್ಲ ಎಂದೆ. ಅಜ್ಜಿ ತಾವೂ ಹತ್ತು ಎಣಿಸುತ್ತಿರುವವರಂತೆ ನನ್ನ ಮುಖವನ್ನೇ ನೋಡುತ್ತ ಕೂತರು.

ಪ್ರಬಂಧ ಒಪ್ಪಿತವಾಗಿದೆ. ಮೇಡಂ ಅಂಚಿನಲ್ಲಿ 'ಈಗ ಸರಿ' ಎಂದು ಬರೆದಿದ್ದಾರೆ. ಅವರ ಮಟ್ಟಿಗೆ ಅದು ಸನ್ಮಾನ.

ಅಪ್ಪ ಅಮ್ಮನಿಗೆ ನಮಸ್ಕಾರ. ಬಿಸಿಲಿನಲ್ಲಿ ಹೊಲಿಗೆ ಯಂತ್ರವನ್ನು ಕಿಟಕಿಯಿಂದ ಈಚೆಗೆ ಎಳೆದುಕೋ. ದೊಡ್ಡವಳು ನೀನು, ಅಲ್ಲಿಂದಲೇ ಹರಸು.

ನಿನ್ನ
ಮೊಂಡಿ

ತಾ.ಕ.: ಅಜ್ಜಿಯ ಮನೆಯಿಂದ ಬಂದ ಮೇಲೆ, ಹೋದ ತಿಂಗಳು, ಇರುವೆ ಹತ್ತಿತೆಂದು ನೀನು ಕೊಟ್ಟ ತಗಡಿನ ಪೆಟ್ಟಿಗೆಯನ್ನು ಖಾಲಿ ಮಾಡಿದೆ. ತಳಕ್ಕೆ ಹಾಸಿದ್ದ ಪತ್ರಿಕೆಯ ಕೆಳಗೆ ಇದೇ ಕೋರ್ಸಿನ ಅರ್ಜಿ ಇತ್ತು. ನಿನ್ನ ಫೋಟೋ, ನಿನ್ನ ಸಹಿ. ತಾರೀಖು, ನಾನು ಮನೆಯಲ್ಲಿ ಈ ಮಾತೆತ್ತುವುದಕ್ಕೆ ಒಂಬತ್ತು ದಿನ ಮೊದಲಿನದು.

ಆಗ ಅಮ್ಮ ಬಿದ್ದಿದ್ದಳು, ನಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಿತ್ತು. ಅಪ್ಪ ಕೇಳಿದ್ದು ಹೀಗೆ: "ನಿನಗೆ ಮುಂದೆ ಓದೋ ಆಸೆಯೇನೂ ಇಲ್ಲ ಅಲ್ವಾ, ಮಗಳೇ?" ನೀನು "ಇಲ್ಲಪ್ಪ" ಎಂದೆ. ಒಂದು ಎಣಿಸುವಷ್ಟರಲ್ಲಿ ನಾನು "ಹಾಗಾದ್ರೆ ನಾನು ಹೋಗ್ತೀನಿ" ಎಂದು ಎದ್ದಿದ್ದೆ.

ಪ್ರವೇಶಕ್ಕೆ ಏಪ್ರಿಲ್ ಇಪ್ಪತ್ತು ಕೊನೆಯ ದಿನ. ವಯಸ್ಸಿನ ಮಿತಿಯಿಲ್ಲ, ಗುಮಾಸ್ತರನ್ನು ಎರಡು ಸಲ ಕೇಳಿದ್ದೇನೆ. ಬೇಸಿಗೆಗೆ ನನ್ನ ಓದು ಮುಗಿಯುತ್ತದೆ, ಮನೆಯಲ್ಲಿ ನಾನಿರುತ್ತೇನೆ. ಹಳೆಯ ಅರ್ಜಿಯ ಜೊತೆ ಹೊಸದೊಂದನ್ನು ಇದರಲ್ಲಿಟ್ಟಿದ್ದೇನೆ, ಏನೂ ತುಂಬಿಲ್ಲ.

ಅಕ್ಕ, ನಿನಗೇನು ಬೇಕು?

ಕಾಯುತ್ತೇನೆ.