‘ರಂಗೂನ್ ತಂತಿ’ಯ ಕೊನೆಯ ರೀಲು

ತಣಿಮನೆ, ಕಪ್ಪತಗುಡ್ಡದ ಒಳಮಗ್ಗುಲು
ಮರುಲೆಕ್ಕ ೧೪೧, ಮೂರನೆಯ ಬಿಸಿಲಿನ ನಲವತ್ತನೆಯ ದಿನ

ಗದಗಿನ ಶಮಶಾದ ನದಾಫ ಅವರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಹುಡುಕಬೇಡಿ. ನಾನು ನಿಮಗಿಂತ ಇನ್ನೂರ ಹನ್ನೆರಡು ವರ್ಷ ಆಚೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ಪಠ್ಯಪುಸ್ತಕ, ಲಗ್ನಪತ್ರಿಕೆ, ಬಸ್ಸಿನ ಬೋರ್ಡುಗಳಿಂದ ಕಲಿತವಳು ನಾನು. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಿ. ಹೇಗೆ ಕರೆಯಬೇಕೆಂಬುದೂ ತಿಳಿಯುತ್ತಿಲ್ಲ. ಹುಟ್ಟಿದ ವರ್ಷ ನೋಡಿದರೆ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಈ ಕಾಗದ ಕೈಸೇರುವಾಗ ಮಾತ್ರ ನಿಮಗೆ ಮೂವತ್ತನಾಲ್ಕು, ನನಗೆ ಅರವತ್ತೊಂದು. ಬಹುವಚನದಲ್ಲೇ ಬರೆಯುತ್ತೇನೆ. ನಡುವೆ ಎಲ್ಲಾದರೂ ತಂಗಿ ಎಂದುಬಿಟ್ಟರೆ ಬೇಸರ ಮಾಡಿಕೊಳ್ಳಬೇಡಿ.

ಇದಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ನಮ್ಮಲ್ಲಿ ಒಬ್ಬೊಬ್ಬರಿಗೂ ಜನ್ಮಕ್ಕೆ ಒಂದು ಬರೆಯುವ ಹಕ್ಕಿದೆ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ಫೋನಿನಲ್ಲಿ ದನಿ ಹೇಗೆ ಹೋಗುತ್ತದೆಂದು ನೀವೇನು ಬಲ್ಲಿರಾ? ಒಂದು ತೊಡಕನ್ನು ಮಾತ್ರ ಹೇಳಿಬಿಡಬೇಕು. ಬರೆದ ಮಾತು ಬರೆದ ಕ್ಷಣವೇ ಹೊರಟುಹೋಗುತ್ತದೆ. ಹೊಡೆದುಹಾಕುವಂತಿಲ್ಲ, ಹಾಳೆ ಹರಿದು ಮತ್ತೆ ಶುರುಮಾಡುವಂತಿಲ್ಲ. ಜನ ಸಾಮಾನ್ಯವಾಗಿ ತೀರಿಹೋದ ತಾಯಿಗೋ, ಬಿಟ್ಟುಹೋದ ಗಂಡನಿಗೋ ಬರೆಯುತ್ತಾರೆ. ನಾನು ಒಂದು ಸಿನಿಮಾದ ಸಲುವಾಗಿ ಬರೆಯುತ್ತೇನೆಂದಾಗ ನನ್ನ ತಮ್ಮ ಹಣೆ ಚಚ್ಚಿಕೊಂಡ.

ಸಿನಿಮಾದ ಹೆಸರು ‘ರಂಗೂನ್ ತಂತಿ’, ಸಾವಿರದ ಒಂಬೈನೂರ ನಲವತ್ತನಾಲ್ಕರದು. ಯುದ್ಧಕಾಲದಲ್ಲಿ ಕಚ್ಚಾ ಫಿಲ್ಮಿಗೂ ಸಕ್ಕರೆ, ಸೀಮೆಎಣ್ಣೆಯಂತೆ ರೇಷನ್ ಇತ್ತು. ಹನ್ನೊಂದು ಸಾವಿರ ಅಡಿ ಮೀರಿ ಚಿತ್ರ ತೆಗೆಯುವಂತಿರಲಿಲ್ಲ. ಅದಕ್ಕೇ ಇರಬೇಕು, ಇದರಲ್ಲಿ ಒಂದು ನೋಟವೂ ದಂಡವಾಗಿಲ್ಲ. ತುಂಗೆ ಎಂಬ ಹೆಂಗಸಿನ ಗಂಡ ರಂಗೂನಿನ ಹಡಗುಕಟ್ಟೆಯಲ್ಲಿ ಗುಮಾಸ್ತ. ಆ ಊರು ಜಪಾನಿಯರ ಕೈಸೇರುವ ಮುಂಚೆ ಅವನಿಂದ ಒಂದು ತಂತಿ ಬರುತ್ತದೆ: ‘ಹೊರಟಿದ್ದೇನೆ.’ ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಕುಂಕುಮ ಅಳಿಸಿಕೋ ಎಂದು ಅತ್ತೆ ಹೇಳುತ್ತಾಳೆ, ತುಂಗೆ ಕೇಳುವುದಿಲ್ಲ. ಹತ್ತನೆಯ ರೀಲಿನಲ್ಲಿ ಬರ್ಮಾದಿಂದ ಕಾಡುದಾರಿಯಲ್ಲಿ ನಡೆದು ಗಡಿ ದಾಟಿದವರನ್ನು ಹೊತ್ತ ರೈಲು ನಿಲ್ಲುತ್ತದೆ. ಒಬ್ಬೊಬ್ಬರೇ ಇಳಿಯುತ್ತಾರೆ. ಯಾರನ್ನೋ ಕಂಡು ತುಂಗೆಯ ಕೈ ಬಾಯಿಗೆ ಹೋಗುತ್ತದೆ. ಅಲ್ಲಿಗೆ ರೀಲು ಮುಗಿಯುತ್ತದೆ. ಹನ್ನೊಂದನೆಯದು ನಮ್ಮಲ್ಲಿಲ್ಲ.

ಅದು ನಿಮ್ಮ ಮನೆಯ ಅಟ್ಟದಲ್ಲಿದೆ. ಆಗೆಲ್ಲ ಒಂದೇ ಪ್ರತಿಯನ್ನು ಎರಡು ಟೆಂಟು ಟಾಕೀಸುಗಳಲ್ಲಿ ಓಡಿಸುತ್ತಿದ್ದರು. ಮೊದಲ ಟೆಂಟಿನಲ್ಲಿ ಮುಗಿದ ರೀಲನ್ನು ಸೈಕಲ್ಲಿನ ಮೇಲೆ ಎರಡನೆಯದಕ್ಕೆ ಒಯ್ಯುತ್ತಿದ್ದರು. ನಿಮ್ಮ ಅಜ್ಜ ಖಾದರಸಾಬರು ಎರಡನೆಯ ಟೆಂಟಿನ ಆಪರೇಟರು. ಒಂದು ದಿನ ಗಾಳಿಗೆ ಟೆಂಟು ಹಾರಿಹೋದ ಗದ್ದಲದಲ್ಲಿ ಹತ್ತು ರೀಲು ವಾಪಸು ಹೋದವು, ಹನ್ನೊಂದನೆಯದು ಅವರ ಬಳಿಯೇ ಉಳಿಯಿತು. ಆ ಹತ್ತನ್ನು ಯಾರೋ ಪುಣ್ಯಾತ್ಮರು ಮುಂದೆ ಬೇರೆ ಫಿಲ್ಮಿಗೆ ಇಳಿಸಿಟ್ಟರು, ನಮ್ಮವರೆಗೂ ಬಂದವು.

ಬೇಸಿಗೆಯ ನಾಲ್ಕು ತಿಂಗಳು ನಾವು ಗುಡ್ಡ ಕೊರೆದು ಮಾಡಿದ ತಣಿಮನೆಗಳಲ್ಲಿ ಇರುತ್ತೇವೆ. ಹೊರಗೆ ಕಾಲಿಟ್ಟರೆ ಚರ್ಮ ಸುಲಿಯುತ್ತದೆ. ದಿನದ ಊಟ ಕೆರೆಪಾಚಿಯ ಹಿಟ್ಟಿನದು, ಜೋಳದ ರೊಟ್ಟಿ ಮದುವೆಗೆ ಮಾತ್ರ. ವಾರಕ್ಕೊಮ್ಮೆ ದೊಡ್ಡ ಗವಿಯಲ್ಲಿ ಸಿನಿಮಾದ ಆಟ. ನೋಡಲು ಬರುವವರು ಒಂದೊಂದು ಒದ್ದೆ ಬಟ್ಟೆ ತಂದು ತಂಪಿಗೆಂದು ಗೋಡೆಗೆ ಹರಡಬೇಕು. ‘ರಂಗೂನ್ ತಂತಿ’ ಆಡಿದ ದಿನ ಬಟ್ಟೆ ಹರಡಲು ಗೋಡೆ ಸಾಲುವುದಿಲ್ಲ. ಹತ್ತು ರೀಲು ಮುಗಿದು ಪರದೆ ಬರಿದಾದಾಗ ಒಬ್ಬಳು ಎದ್ದುನಿಂತು ಮುಂದೇನಾಯಿತೆಂದು ಹೇಳುತ್ತಾಳೆ. ಅವಳಿಗೆ ಮುಗಿಸುಗಾರ್ತಿ ಎಂದು ಹೆಸರು. ಮೂವತ್ತೆಂಟು ವರ್ಷಗಳಿಂದ ಆ ಮುಗಿಸುಗಾರ್ತಿ ನಾನೇ. ಜನರ ಮುಖ ನೋಡಿ ಗಂಡನನ್ನು ಇಳಿಸುತ್ತೇನೆ, ಇಲ್ಲವೇ ಬರಿಗೈಲಿ ತುಂಗೆಯನ್ನು ಮನೆಗೆ ಕಳಿಸುತ್ತೇನೆ. ಇದರ ಸಲುವಾಗಿ ನಮ್ಮಲ್ಲಿ ಎರಡು ಪಂಗಡವಾಗಿ ಕೊರಳಪಟ್ಟಿ ಹಿಡಿದದ್ದೂ ಉಂಟು. ಹೋದ ವಾರ ಒಬ್ಬ ಮುದುಕಿ ಆಟಕ್ಕೆ ಮುಂಚೆಯೇ ನನ್ನ ಕೈ ಹಿಡಿದುಕೊಂಡಳು. “ನೀಲವ್ವಾ, ನಿನ್ನ ಕಾಲಿಗಿ ಬೀಳ್ತೀನಿ, ಇವತ್ತರೆ ಅಂವನ್ನ ಗಾಡಿಂದ ಇಳಸವ್ವಾ” ಎಂದಳು. ಇಳಿಸಿದೆ. ಆಕೆ ಅತ್ತಳು, ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಕಣ್ಣಿನ ಬೆಳಕು ಹೋಗುವ ಮುಂಚೆ ಒಮ್ಮೆ ನಿಜವಾದ ಕೊನೆಯನ್ನು ನೋಡಬೇಕು. ನನ್ನ ಆಸೆ ಇಷ್ಟೇ.

ಈಗ ಕೆಲಸದ ಮಾತು. ಬರುವ ಮೇ ಹದಿನಾಲ್ಕರಂದು, ಮಳೆಗಾಲಕ್ಕೆ ಮುಂಚೆ ಗಾದಿ, ಹತ್ತಿಯನ್ನೆಲ್ಲ ಮಾಳಿಗೆಯ ಮೇಲೆ ಒಣಹಾಕುವ ನಿಮ್ಮ ಮನೆಯ ರೂಢಿಯಂತೆ, ನಿಮ್ಮ ತಾಯಿ ಹಜರತಬಿಯವರು ಆ ರೀಲಿನ ಡಬ್ಬಿಯನ್ನೂ ಬಿಸಿಲಿಗೆ ಇಡುತ್ತಾರೆ. ಹಳೆಯ ಬೂಟಿನಂಥ ಹುಳಿನಾತ ಅದಕ್ಕೆ. ನಾತ ಬಂದದ್ದೆಲ್ಲ ಬಿಸಿಲಿಗೆ ಎಂಬುದು ನಮ್ಮ ಜನದ ಹಳೆಯ ಔಷಧ. ಆದರೆ ಆ ಕಾಲದ ಫಿಲ್ಮು ಬಿಸಿಲಿಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗೆಯೇ ಹೊತ್ತಿತು, ಹತ್ತಿಯೊಂದಿಗೆ ಉರಿದುಹೋಯಿತು. ಆದ್ದರಿಂದ ಶಮಶಾದ ಅವರೇ, ಈ ಡಬ್ಬಿಗೆ ಬೆಲೆ ಕಟ್ಟಲಾಗದು. ಇದರ ಜೋಡಿ ಲೋಕದಲ್ಲಿ ಇನ್ನೊಂದಿಲ್ಲ. ತಾಯಿಯವರಿಗೂ ಹೇಳಿರಿ. ಇದನ್ನು ನಿಮ್ಮ ಜೀವದಂತೆ ಕಾಯಿರಿ.

ಇಷ್ಟು ಬರೆದು ಕೈ ನಿಂತಿತು. ನನ್ನ ಮುಂದೆ ಒಂದು ಹಾಳೆಯಿದೆ. ನಿಮ್ಮ ಎದುರುಮನೆಯ ಚಹಾದಂಗಡಿಯ ಯಮನೂರಪ್ಪ ಅಂದು ಯಾರದೋ ಫೋನಿನೆದುರು ಆಡಿದ ಮಾತು ಅದರಲ್ಲಿದೆ. ತಾರೀಖು ನನಗೆ ಸಿಕ್ಕಿದ್ದೇ ಅದರಿಂದ. ನೂರು ಸಲ ಓದಿದ್ದೆ, ಈಗ ಮತ್ತೊಮ್ಮೆ ಓದಿದೆ. ಇದ್ದಂತೆಯೇ ಇಳಿಸುತ್ತೇನೆ:

“ಬಾಳ ಬೆಲಿ ಬಾಳೂದೈತಿ, ಹುಳಾ ಹತ್ತಬಾರದು ಅಂತ ಅವರವ್ವ ಮುಚ್ಚಳಾ ತಗದು ಬಿಸಲಿಗಿಟ್ಟಿದ್ಳರಿ. ಉರಿ ಎದ್ದತು. ಕೊಡಾ ತಂದು ನೀರ ಸುರವಿದ್ರ ಮತ್ತಿಷ್ಟು ಎದ್ದತು. ಮಗಳು ಬಜಾರದಿಂದ ಓಡಿ ಬಂದು, ಅವ್ವನ್ನ ಈಚೆ ದೂಡಿ, ತಾನ ಡಬ್ಬಿಗೆ ಕೈ ಹಾಕಿದ್ಳು. ಯಾವುದೋ ಕಾಗದ ಬಂದಿತ್ತಂತರಿ ಆಕಿಗೆ, ಜೀವದ್ಹಂಗ ಕಾಯಿ ಅಂತ. ಅದ ಕಾಗದ ಆಕಿನ್ನ ತಿಂತು.”

ಆ ಕಾಗದ ಯಾವುದೋ ಸಿನಿಮಾ ಸಂಗ್ರಹಾಲಯದ್ದೆಂದು ಇಷ್ಟು ವರ್ಷ ತಿಳಿದಿದ್ದೆ. ಅಲ್ಲ. ಇದೇ ಕಾಗದ. ಬೆಲೆಯದು, ಜೀವದಂತೆ ಕಾಯಿ ಎಂಬ ಆ ಎರಡು ಮಾತನ್ನು ಈಗಷ್ಟೇ ನನ್ನ ಕೈಯಾರೆ ಬರೆದೆ, ಅವು ಹೊರಟುಹೋದವು.

ಹೇಳದೆ ಮುಚ್ಚಿಟ್ಟಿದ್ದನ್ನು ಈಗ ಹೇಳಲೇಬೇಕು. ಆ ದಿನ ಸತ್ತವರು ನೀವು. ನನಗೆ ಮೊದಲೇ ಗೊತ್ತಿತ್ತು. ಬಿಸಿಲು ತಪ್ಪಿಸಿದರೆ ಬೆಂಕಿಯೂ ಇಲ್ಲ, ಸಾವೂ ಇಲ್ಲ, ಸುಮ್ಮನೆ ಯಾಕೆ ಹೆದರಿಸಲಿ ಎಂದುಕೊಂಡೆ. ಸುಳ್ಳೇಕೆ, ನನಗೆ ನಿಮಗಿಂತ ಆ ಡಬ್ಬಿಯ ಚಿಂತೆ ಹೆಚ್ಚಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದು ಅಟ್ಟದ ಮೂಲೆಯಲ್ಲಿ ಇನ್ನೂ ಎಷ್ಟೋ ವರ್ಷ ಬಿದ್ದಿರುತ್ತಿತ್ತೋ ಏನೋ. ಬಿಸಿಲಿನ ಎಚ್ಚರಿಕೆ ನಿಮ್ಮ ತಾಯಿಗೆ ಮುಟ್ಟಿತೋ ಇಲ್ಲವೋ, ಬೆಲೆಯ ಮಾತು ಮುಟ್ಟಿತು. ನಾತಕ್ಕಲ್ಲ, ನನ್ನ ಹೊಗಳಿಕೆಗೆ ಅವರು ಅದನ್ನು ಬಿಸಿಲಿಗೆ ಇಟ್ಟರು.

ಅಂದು ನೀವು ‘ಕಾಯಿರಿ’ ಎಂಬಲ್ಲಿಯವರೆಗೆ ಮಾತ್ರ ಓದಿ ಮಡಿಸಿಟ್ಟಿರೋ, ಪೂರ್ತಿ ಓದಿಯೂ ಓಡಿದಿರೋ ನನಗೆ ಗೊತ್ತಿಲ್ಲ. ಈ ಸಲ ಪೂರ್ತಿ ಓದಿ. ‘ಜೀವದಂತೆ ಕಾಯಿರಿ’ ಎಂದದ್ದು ನನ್ನ ದುರಾಸೆಯ ಮಾತು, ಅದನ್ನು ಪಾಲಿಸಬೇಡಿ. ಡಬ್ಬಿಯನ್ನು ಇಳಿಸಬೇಡಿ, ಮುಟ್ಟಬೇಡಿ. ಬೆಲೆಯದೆಂದು ತಾಯಿಗೆ ಹೇಳಬೇಡಿ. ಸಿಡಿಮದ್ದಿನಂಥದ್ದು, ಸಿಡಿಯುತ್ತದೆ ಎಂದು ಹೇಳಿ. ಇಂದೇ ಅವರನ್ನು ಕರೆದುಕೊಂಡು ಮನೆಯಿಂದ ಹೊರಬಿದ್ದು ಅಗ್ನಿಶಾಮಕ ಠಾಣೆಗೆ ಹೋಗಿ, ಹಳೆಯ ನೈಟ್ರೇಟ್ ಫಿಲ್ಮು ಎನ್ನಿ. ಅವರು ಬಂದು ಒಯ್ದು ಬಯಲಿನಲ್ಲಿ ಸುಡುತ್ತಾರೆ. ಸುಡಲಿ. ಅಷ್ಟರಲ್ಲಿ ಹೊಗೆ ಕಂಡರೆ ಓಣಿಗೆ ಇಳಿದು ದೂರ ನಿಲ್ಲಿ. ಅಜ್ಜನ ನೆನಪು, ಹತ್ತಿ, ಗಾದಿ, ಏನು ಹೋದರೂ ಹೋಗಲಿ.

ಒಂದು ಮಾತು ಬೆರಳತುದಿಗೆ ಬಂದು ನಿಂತಿದೆ. ಸುಡುವ ಮುಂಚೆ ಕೊನೆಯ ಗೇಣುದ್ದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಇಳಿದವನು ಯಾರೆಂದು ಗೋಡೆಯ ಮೇಲಾದರೂ ಕೆತ್ತಿಡಿ ಎಂದು ಕೇಳುವ ಆಸೆ. ನಿಮಗೂ ಈಗ ಆ ಆಸೆ ಹುಟ್ಟಿರಬಹುದು, ಹುಟ್ಟಿಸಿದವಳು ನಾನೇ. ನಾನು ಕೇಳುವುದಿಲ್ಲ. ನೀವೂ ಮುಚ್ಚಳ ತೆಗೆಯಬೇಡಿ, ತಂಗಿ.

ನೀಲವ್ವ ತಣಿಮನಿ