ಹತ್ತಕ್ಕೆ ಹತ್ತು ಕೊಟ್ಟವನು ನೀನು

ದೊಡ್ಡೋನೇ,

ನೀನು ಏಳೋ ಮೊದಲೇ ಹೊರಟೆ, ಗಾಬರಿ ಆಗಬೇಡ. ಆಸ್ಪತ್ರೆಗೆ ಹೋಗ್ತಿದೀನಿ. ಹಾಲು ಕಾಯಿಸಿಟ್ಟಿದೀನಿ, ಕುಡಿದ ಮೇಲೆ ಮುಚ್ಚಿಡು, ಬೆಕ್ಕು ಹೊಂಚು ಹಾಕ್ತಿದೆ.

ಹನ್ನೊಂದಕ್ಕೆ ಆಸ್ಪತ್ರೆ ನರ್ಸಮ್ಮನ ವಿಚಾರಿಸೋ ಫೋನ್ ಬರುತ್ತೆ. ಅಮ್ಮ ಅಲ್ಲಿಗೇ ಬಂದಿದಾಳೆ ಅನ್ನು.

ಹೋದ ವಾರ ಅವಳು ಫೋನಲ್ಲಿ ಕೇಳಿದಾಗ ಚೆನ್ನಾಗಿದೀನಿ ಅಂದೆನಲ್ಲ, ಅದು ಸುಳ್ಳು. ಎದೆ ಆಪರೇಷನ್ ಆದ ಕಡೆ ಹೊಲಿಗೆ ಹತ್ತಿರ ಆವತ್ತೇ ಕೆಂಪಗಿತ್ತು, ಈಗ ನೀರು ಸೋರಿ ಬಟ್ಟೆಗೂ ಅಂಟುತ್ತೆ. ನನಗೆ ಕಿವಿ ಮಂದ ಅಂತ ನೀನು ಫೋನನ್ನ ಜೋರು ಮಾಡಿ ಪಕ್ಕದಲ್ಲೇ ಕೂತಿದ್ದೆ. "ಗಾಯದಿಂದ ನೀರು ಸೋರುತ್ತಾ ಅಮ್ಮಾ?" ಅಂತ ಅವಳು ಕೇಳಿದ್ದು ಇಡೀ ಮನೆಗೆ ಕೇಳಿಸ್ತು. ನೀನು ಹಾಲು ಕುಡಿದ ಎದೆ ಅದು. ನಿನ್ನೆದುರಿಗೆ ಅದರ ಮಾತಾಡೋಕೆ ನಾಲಿಗೆ ಏಳಲಿಲ್ಲ. ತಪ್ಪು ನಿನ್ನದಲ್ಲ.

ಕೊನೆಗೆ, "ಫೋನಲ್ಲಿ ವಿಚಾರಿಸಿದ್ದು ಸಮಾಧಾನ ಆಯ್ತಾ, ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ?" ಅಂದಳು. ನಾನು ಬಾಯಿ ತೆರೆಯೋ ಮೊದಲೇ ನೀನು ಹತ್ತು ಅಂದುಬಿಟ್ಟೆ. ಸ್ಕೂಲಲ್ಲಿ ನಿನಗೆ ಒಂದು ಸಲವೂ ಅಷ್ಟು ಬಂದಿರಲಿಲ್ಲ ಅಂತ ಒಳಗೇ ನಕ್ಕೆ.

ಆಸ್ಪತ್ರೆಲಾದ್ರೆ ಪರದೆ ಎಳೆದು ತೋರಿಸಿದರೆ ಆಯ್ತು, ಹೇಳೋ ಕಷ್ಟ ಇಲ್ಲ. ಹಾಗಂತ ಫೋನು ಕೆಟ್ಟದ್ದಲ್ಲ, ಎರಡು ಬಸ್ಸು ಹತ್ತಿ ಇಳಿಯೋದು ತಪ್ಪುತ್ತೆ. ಸಂಜೆ ನಾನು ಬಂದ ಮೇಲೆ, ಫೋನಿನ ಜೋರು ನಿಲ್ಲಿಸೋ ಗುಂಡಿ ಯಾವುದು ಅಂತ ತೋರಿಸಿಕೊಡು. ಕಿವಿಗೆ ಒತ್ತಿ ಹಿಡಿದರೆ ನನಗೆ ಕೇಳಿಸುತ್ತೆ. ಮುಂದಿನ ಸಲ ಫೋನ್ ನನ್ನ ಕೈಗೆ ಕೊಟ್ಟು, ನೀನು ಹೋಗಿ ಗಿಡಕ್ಕೆ ನೀರು ಹಾಕು.

ಅಂಕ ನಾನೇ ಕೊಡ್ತೀನಿ.

ಅಮ್ಮ