ಬಾಣಂತಿ ಗುಡಿಸಿಲಿನಲ್ಲಿ

ಐಮಂಗಲ
೧೨-೧೧-೧೯೭೬

ಅವ್ವಾ,

ಪಾಲಯ್ಯ ಮೇಷ್ಟ್ರು ಇದನ್ನು ಓದಿ ಹೇಳುವಾಗ ಅವರೆದುರು ನನ್ನನ್ನು ಬೈಯಬೇಡ. ಹೋದಲ್ಲೆಲ್ಲ ಜಾತಿ ಹೇಳಬೇಡ ಎಂದು ನೀನು ಹೇಳಿದ್ದೆ. ನಾನು ಹೇಳಿಬಿಟ್ಟೆ.

ಯಾವ ಜಾತಿಯ ಬಾಣಂತಿಗೆ ಎಂಥ ಆರೈಕೆ ಸಿಗುತ್ತದೆ ಎಂದು ನನ್ನ ಸಂಶೋಧನೆಗಾಗಿ ಕೇಳುತ್ತ ಇಲ್ಲಿನ ಕುರಿ ಸಾಕುವವರ ಒಂದು ಹಟ್ಟಿಗೆ ಹೋಗಿದ್ದೆ. ಹಟ್ಟಿಯಾಚೆಯ ಗುಡಿಸಿಲಿನಲ್ಲಿ ಬರಗೇರಮ್ಮ ಎಂಬ ಬಾಣಂತಿ ಒಂಬತ್ತು ದಿನದ ಕೂಸಿನೊಂದಿಗೆ ಜ್ವರದಲ್ಲಿ ಮಲಗಿದ್ದಳು. ಸೂತಕವೆಂದು ಯಾರೂ ಒಳಗೆ ಹೋಗುವಂತಿರಲಿಲ್ಲ. ನಾನು ಹೋಗಿ ಕುಳಿತೆ. ಸೋಗೆಯ ಸಂದಿನಿಂದ ಇಳಿದ ಬಿಸಿಲ ಚುಕ್ಕಿಗಳು ಕೂಸಿನ ಮೈಮೇಲೆ ಮೀನಿನಂತೆ ನಿಧಾನವಾಗಿ ಈಜುತ್ತಿದ್ದವು. ನೋಡುತ್ತ ನೋಡುತ್ತ ನನ್ನ ಪ್ರಶ್ನೆಗಳೆಲ್ಲ ಮರೆತುಹೋದವು. ಅವಳೇ ಕೇಳಿದಳು: "ನಿಮ್ದು ಯಾವ ಜಾತಿ, ಅಕ್ಕಾ?"

ಹೇಳಿದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು. "ಇಲ್ಲಿ ನನ್ನೂ ಯಾರೂ ಮುಟ್ಟಲ್ಲ. ಮಗೀನ ಎತ್ಕಳ್ರಿ."

ಎತ್ತಿಕೊಂಡು ಹೊರಗೆ ಬಂದೆ. ದೂರದಲ್ಲಿ ನಿಂತಿದ್ದ ಅವಳ ಅತ್ತೆ ಉಚ್ಚಂಗಮ್ಮನವರಿಗೆ, "ಗಾಡಿ ಕಟ್ಟಿಸ್ರಿ, ಹಿರಿಯೂರು ಆಸ್ಪತ್ರೆಗೆ ಹೋಗಾಣ" ಎಂದೆ. ಕೂಸನ್ನೊಮ್ಮೆ ನೋಡಿ, ಕಟ್ಟಿಸಿದರು. ಜೋಳದ ಹೊಲಗಳ ನಡುವೆ ಬಾಣಂತಿ, ಕೂಸು, ನಾನು ಕೂತ ಗಾಡಿ ತೇಲಿದಂತೆ ಹೋಯಿತು. ಉಚ್ಚಂಗಮ್ಮನವರು ಮಾತ್ರ ದೂರದಿಂದಲೇ ಹಿಂದೆ ನಡೆದು ಬಂದರು. ದೊಡ್ಡ ರಸ್ತೆಯಲ್ಲಿ ಗಾಡಿ ಇಳಿದು ಹಿರಿಯೂರು ಬಸ್ಸು ಹತ್ತುವಾಗ ಕೂಸಿಗಾಗಿ ಕೈ ಚಾಚಿದರು. ಬೆರಳಿಗೆ ಬೆರಳು ತಾಗಿತು. ಅವರು ಹಿಂದೆಗೆಯಲಿಲ್ಲ.

ಈಗ ಬರಗೇರಮ್ಮನ ಜ್ವರ ಇಳಿದಿದೆ. ಇನ್ನೂ ಒಂದು ವಾರ ಆಸ್ಪತ್ರೆಯಲ್ಲಿರುತ್ತಾಳೆ. ನಮ್ಮ ಜಾತಿಯನ್ನೂ ನೀನು ಸೂಲಗಿತ್ತಿ ಎಂಬುದನ್ನೂ ಉಚ್ಚಂಗಮ್ಮನವರಿಗೆ ಹೇಳಿದ್ದೆ. ನಿನ್ನೆ ನೆಲ ನೋಡುತ್ತಲೇ, "ಕೂಸಿಗೆ ನೀರು ಹಾಕಾಕೆ ನಿಮ್ಮವ್ವನ್ನ ಕರೀರಿ" ಎಂದರು.

ಸೋಮವಾರ ಬೆಳಗಿನ ಬಸ್ಸಿಗೇ ಹೊರಟು ಬಾ, ಅವ್ವಾ. ಹಿರಿಯೂರು ನಿಲ್ದಾಣದಲ್ಲಿ ಕಾಯುತ್ತೇನೆ.

ನಿನ್ನ
ಚಂದ್ರಿ